ಟ್ರ್ಯಾಕ್‌ಗೆ ಹೋಗುವವರೆಲ್ಲ ಹುಚ್ಚು ಧೈರ್ಯದವರಲ್ಲ

ಬೈಕನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುತ್ತೇನೆ ಎಂದರೆ ಸಾಕು, ಎದುರಿಗಿದ್ದವರು ನನ್ನ ಸ್ವಭಾವದ ಬಗ್ಗೆ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಜೀವದ ಮೇಲೆ ಆಸೆ ಇಲ್ಲ, ಸ್ಪೀಡಿನ ಹುಚ್ಚು, ಯಾರ ಮಾತೂ ಕೇಳುವ ಜಾತಿ ಅಲ್ಲ ಅಂತೆಲ್ಲ. ನನ್ನನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಗೊಂದಲ. "ಇಷ್ಟು ಮೆತ್ತಗೆ ಮಾತಾಡ್ತೀಯ, ರಸ್ತೆ ದಾಟುವಾಗ ಎರಡೆರಡು ಸಲ ನೋಡ್ತೀಯ, ನಿನಗ್ಯಾಕೆ ಇದು?" ಎಂದು ಕೇಳುತ್ತಾರೆ. ಎರಡೆರಡು ಸಲ ನೋಡಿ ರಸ್ತೆ ದಾಟುವವರಿಗೇ ಟ್ರ್ಯಾಕ್ ಜಾಸ್ತಿ ಹಿಡಿಸುತ್ತದೆ ಎನ್ನುವುದು ನನ್ನ ನಂಬಿಕೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು ಹೋಗುವುದು ಟ್ರ್ಯಾಕ್ ಡೇಗೆ, ಅಂದರೆ ನಮ್ಮಂಥವರು ಬೈಕನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಅವಕಾಶ ಸಿಗುವ ದಿನಕ್ಕೆ. ಅದು ರೇಸ್ ಅಲ್ಲ. ಅಲ್ಲಿ ಗೆಲ್ಲುವವರಿಲ್ಲ, ಬಹುಮಾನವಿಲ್ಲ. ಹೊಸಬರು, ಸ್ವಲ್ಪ ಪಳಗಿದವರು, ತುಂಬ ವೇಗದವರು ಎಂದು ಗುಂಪು ಮಾಡುತ್ತಾರೆ. ಸಾಮಾನ್ಯವಾಗಿ ಒಂದೊಂದು ಗುಂಪಿಗೆ 15ರಿಂದ 20 ನಿಮಿಷದ ಸೆಷನ್. ಅದಕ್ಕೂ ಮೊದಲು ಬೈಕಿನ ತಪಾಸಣೆ. ಬ್ರೇಕ್ ಪ್ಯಾಡ್, ಚೈನ್, ಟಯರ್, ಎಲ್ಲಾದರೂ ಆಯಿಲ್ ಸೋರುತ್ತಿದೆಯಾ ಎಂದು ನೋಡುತ್ತಾರೆ. ಕನ್ನಡಿ ಬಿಚ್ಚಬೇಕು, ಇಲ್ಲವೇ ಟೇಪ್ ಅಂಟಿಸಬೇಕು. ಹೆಡ್‌ಲೈಟಿಗೂ ಟೇಪ್ ಬೇಕು, ಬಿದ್ದು ಒಡೆದರೆ ಚೂರುಗಳು ಟ್ರ್ಯಾಕ್ ತುಂಬ ಹರಡಬಾರದಲ್ಲ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಓವರ್‌ಟೇಕ್ ಮಾಡುವಂತಿಲ್ಲ. ಕೆಂಪು ಕಂಡರೆ ಸೆಷನ್ ನಿಂತಿತು ಎಂದು ಅರ್ಥ. ನಿಯಮ ಎಂದರೆ ಆಗದವರಿಗೆ ಬೆಳಗಿನ ಬ್ರೀಫಿಂಗ್ ಮುಗಿಯುವಷ್ಟರಲ್ಲೇ ಇದು ತಮ್ಮ ಜಾಗವಲ್ಲ ಅನ್ನಿಸಿರುತ್ತದೆ.

ಕೆಲವರು ಯಾಕೆ ಥ್ರಿಲ್ ಹುಡುಕಿಕೊಂಡು ಹೋಗುತ್ತಾರೆ ಎಂದು 1960ರ ದಶಕದಿಂದಲೇ ಅಧ್ಯಯನ ಮಾಡಿದವರು ಅಮೆರಿಕದ ಮನಃಶಾಸ್ತ್ರಜ್ಞ ಮಾರ್ವಿನ್ ಝಕರ್‌ಮನ್. ಅವರ 40 ಪ್ರಶ್ನೆಗಳ ಪಟ್ಟಿ ಸಂಶೋಧನೆಯಲ್ಲಿ ತುಂಬ ಬಳಕೆಯಾಗಿದೆ. ಥ್ರಿಲ್ ಬೇಕು ಅನ್ನುವುದನ್ನು ಅವರು ಒಂದೇ ಗುಣ ಎಂದು ನೋಡಲಿಲ್ಲ, ಅದನ್ನು ನಾಲ್ಕಾಗಿ ಬಿಡಿಸಿದರು. ವೇಗ ಮತ್ತು ಸಾಹಸದ ಆಸೆ ಒಂದು. ಹೊಸ ಹೊಸ ಅನುಭವದ ಆಸೆ ಇನ್ನೊಂದು. ಲಗಾಮಿಲ್ಲದೆ ಮೋಜು ಮಾಡುವುದು ಮೂರನೆಯದು. ಒಂದೇ ಥರದ್ದು ನಡೆಯುತ್ತಿದ್ದರೆ ಬೇಗ ಬೇಜಾರಾಗುವುದು ನಾಲ್ಕನೆಯದು. ಈ ನಾಲ್ಕೂ ಒಬ್ಬರಲ್ಲೇ ಒಂದೇ ಅಳತೆಯಲ್ಲಿ ಇರಬೇಕೆಂದೇನೂ ಇಲ್ಲ.

ನಾನು ನೋಡಿದ ಮಟ್ಟಿಗೆ, ವರ್ಷಗಟ್ಟಲೆ ಟ್ರ್ಯಾಕ್‌ಗೆ ಬರುವವರಲ್ಲಿ ಮೊದಲನೆಯದು ಜಾಸ್ತಿ ಇರುತ್ತದೆ, ನಿಜ. ಆದರೆ ನಾಲ್ಕನೆಯದು ಕಡಿಮೆ ಇರಲೇಬೇಕು. ಇಲ್ಲದಿದ್ದರೆ ಅವರು ಉಳಿಯುವುದೇ ಇಲ್ಲ. ದಿನಾ ಹೊಸ ಊರು, ಹೊಸ ದಾರಿ ಬೇಕು ಅನ್ನುವವರು ಲಾಂಗ್ ರೈಡ್‌ಗೆ ಹೋಗುತ್ತಾರೆ, ಅದರ ಖುಷಿಯೇ ಬೇರೆ. ಟ್ರ್ಯಾಕ್‌ನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ದಾರಿ, ಅವೇ ತಿರುವುಗಳು.

ಒಂದೇ ಒಂದು ತಿರುವನ್ನು ತೆಗೆದುಕೊಳ್ಳಿ. ಸ್ಟ್ರೇಟ್‌ನ, ಅಂದರೆ ತಿರುವಿಲ್ಲದ ನೇರ ದಾರಿಯ, ಕೊನೆಯಲ್ಲಿ ಎಲ್ಲಿ ಬ್ರೇಕ್ ಹಿಡಿಯಬೇಕು ಎನ್ನುವುದಕ್ಕೆ ಒಂದು ಗುರುತು ಇಟ್ಟುಕೊಳ್ಳಬೇಕು. ಅದು ಬದಿಯ ಬೋರ್ಡ್ ಇರಬಹುದು, ಟಾರಿನ ಮೇಲಿನ ಒಂದು ತೇಪೆ ಇರಬಹುದು. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಹಾಗಾಗಿ ಇಲ್ಲಿ ಅಂದಾಜು ನಡೆಯುವುದಿಲ್ಲ. ಟಯರಿಗಿರುವ ಗ್ರಿಪ್ ಇಷ್ಟೇ ಎಂದು ಮಿತಿ ಇದೆ. ಅದನ್ನೇ ಬ್ರೇಕಿಗೂ ತಿರುಗುವುದಕ್ಕೂ ಹಂಚಬೇಕು. ಬೈಕ್ ವಾಲುತ್ತಾ ಹೋದಂತೆ ಬ್ರೇಕ್ ಮೇಲಿನ ಬೆರಳು ಸಡಿಲವಾಗುತ್ತಾ ಬರಬೇಕು. 45 ಡಿಗ್ರಿ ವಾಲಿದಾಗ ಪಕ್ಕಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ ನಮ್ಮ ತೂಕದಷ್ಟೇ ಇರುತ್ತದೆ. ಆ ಹೊತ್ತಿಗೆ ಕಣ್ಣು ಅಪೆಕ್ಸ್ ಕಡೆ, ಅಂದರೆ ತಿರುವಿನ ಒಳ ಅಂಚಿಗೆ ನಾವು ತೀರಾ ಹತ್ತಿರ ಹೋಗುವ ಜಾಗದ ಕಡೆ ಇರಬೇಕು. ಬೈಕ್ ಅಲ್ಲಿಗೆ ಮುಟ್ಟುವ ಮೊದಲೇ ನೋಟ ಅದನ್ನು ಬಿಟ್ಟು ಹೊರಗೆ ಹೋಗುವ ದಾರಿಯ ಮೇಲೆ ಇರಬೇಕು. ಆಮೇಲೆ ಬೈಕ್ ನೆಟ್ಟಗಾಗುತ್ತಾ ಬಂದಂತೆ ಥ್ರಾಟಲ್ ಮೆಲ್ಲಗೆ ತೆರೆಯಬೇಕು. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ. ಒಂದು ಸುತ್ತು ಮುಗಿಸಿ ಮತ್ತೆ ಅದೇ ತಿರುವಿಗೆ ಬರುತ್ತೇವೆ. ಸಂಗೀತ ಕಲಿಯುವವರು ಒಂದೇ ಸಾಲನ್ನು ಕೈಗೆ ಹತ್ತುವವರೆಗೆ ನುಡಿಸುತ್ತಲೇ ಇರುತ್ತಾರಲ್ಲ, ಹಾಗೆ.

ಇದರಲ್ಲಿ ಎಂಥ ಮಜಾ ಅಂತೀರಾ? ಕಳೆದ ಸುತ್ತಿಗಿಂತ ಈ ಸುತ್ತು ಚೆನ್ನಾಯಿತೋ ಇಲ್ಲವೋ ಎಂದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಯಾರೂ ಹೇಳಬೇಕಾಗಿಲ್ಲ. ಬ್ರೇಕ್ ಬೇಗ ಹಿಡಿದಿದ್ದರೆ ತಿರುವಿನೊಳಗೆ ವೇಗ ಸಾಲದು. ತಡವಾದರೆ ಲೈನ್, ಅಂದರೆ ತಿರುವಿನಲ್ಲಿ ಬೈಕ್ ಹಿಡಿಯಬೇಕಾದ ದಾರಿ, ತಪ್ಪಿ ಬೈಕ್ ಹೊರಗೆ ಹೋಗುತ್ತದೆ. ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಎಂಬ ಮನಃಶಾಸ್ತ್ರಜ್ಞರು 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ಡ್ಯಾನ್ಸ್ ಮಾಡುವವರು ಮುಂತಾದವರನ್ನು ಮಾತಾಡಿಸಿ, ಕೆಲಸದಲ್ಲಿ ಪೂರ್ತಿ ಮುಳುಗಿಹೋಗುವ ಸ್ಥಿತಿಗೆ 'ಫ್ಲೋ' ಎಂದು ಹೆಸರಿಟ್ಟರು. ಗುರಿ ಸ್ಪಷ್ಟವಿರಬೇಕು, ಫಲ ಕೂಡಲೇ ಕಾಣಬೇಕು, ಸವಾಲು ನಮ್ಮ ಕೈಯಳತೆಗೆ ತಕ್ಕಂತಿರಬೇಕು. ಟ್ರ್ಯಾಕ್‌ನಲ್ಲಿ ಈ ಮೂರೂ ಸಿಗುತ್ತವೆ. ಸುಮ್ನೆ ಕೂತಾಗ ತಲೆಯಲ್ಲಿ ನೂರು ಚಿಂತೆ ಓಡುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಕೂತು ಮನಸ್ಸನ್ನು ಹಿಡಿದಿಡಲು ಆಗದವರು ಅಲ್ಲಿ ಸೆಷನ್ ಪೂರ್ತಿ ಒಂದೇ ಕಡೆ ಗಮನ ಇಡುತ್ತಾರೆ. ಬೇರೆ ಕಡೆ ಗಮನ ಹೋಗಲು ಜಾಗವೇ ಇರುವುದಿಲ್ಲ. ನನ್ನನ್ನು ಟ್ರ್ಯಾಕ್ ಕಡೆಗೆ ಎಳೆದದ್ದೂ ಇದೇ. ವೇಗ ಅದಕ್ಕೆ ಬೇಕಾದ ಸಾಧನ ಅಷ್ಟೇ.

ಇನ್ನು ಧೈರ್ಯದ ವಿಷಯ. ಟ್ರ್ಯಾಕ್‌ನಲ್ಲಿ ಧೈರ್ಯಕ್ಕಿಂತ ಸಮಾಧಾನ ಮುಖ್ಯ. ಹೆದರಿದಾಗ ಕೈ ತಾನಾಗಿ ಮಾಡುವ ಕೆಲಸ ಹೆಚ್ಚಿನ ಸಲ ತಪ್ಪಾಗಿರುತ್ತದೆ. ಪೂರ್ತಿ ವಾಲಿದ ಬೈಕಿನಲ್ಲಿ ಗಾಬರಿಯಿಂದ ಬ್ರೇಕ್ ಅದುಮಿದರೆ ಮುಂದಿನ ಟಯರ್ ಜಾರಬಹುದು. ಯಾವುದಕ್ಕೆ ಗುದ್ದುತ್ತೇನೋ ಎಂದು ಹೆದರಿ ಅದನ್ನೇ ದಿಟ್ಟಿಸಿದರೆ ಬೈಕೂ ಅತ್ತಲೇ ಹೋಗುತ್ತದೆ. ಹೆದರಿಕೆ ಬಂದಾಗಲೂ ಕೈ ಹಗುರವಾಗಿರಬೇಕು, ನೋಟ ಹೋಗಬೇಕಾದ ಕಡೆಗೇ ಇರಬೇಕು. ಇದನ್ನು ರೂಢಿ ಮಾಡಿಕೊಳ್ಳುವುದರಲ್ಲಿ ಅಳೆದು ತೂಗಿ ನಡೆಯುವ ಸ್ವಭಾವದವರು ಮುನ್ನುಗ್ಗುವವರಿಗಿಂತ ಮುಂದಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಹಾಗಂತ ಇದು ಮೌನಿಗಳ ಲೋಕವೂ ಅಲ್ಲ. ಮೇಲಿನ ಹಂತದವರನ್ನೇ ನೋಡಿ. ವ್ಯಾಲೆಂಟಿನೋ ರಾಸಿ ಬೈಕ್ ರೇಸಿಂಗಿನಲ್ಲಿ ಒಂಬತ್ತು ಸಲ ವಿಶ್ವ ಚಾಂಪಿಯನ್. ಗೆದ್ದಾಗ ಜನರ ಮುಂದೆ ನಾಟಕವನ್ನೇ ಆಡುತ್ತಿದ್ದ ಮನುಷ್ಯ. ಅದೇ ರಾಸಿ ಟ್ರ್ಯಾಕ್‌ಗೆ ಇಳಿಯುವ ಮುಂಚೆ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಫುಟ್‌ಪೆಗ್ ಹಿಡಿದು, ತಲೆ ತಗ್ಗಿಸಿ ಒಬ್ಬರೇ ಇರುತ್ತಿದ್ದರು. ಇನ್ನೊಂದು ಕಡೆ ಕೇಸಿ ಸ್ಟೋನರ್. ಬೈಕ್ ರೇಸಿಂಗಿನ ಅತಿ ಮೇಲಿನ ದರ್ಜೆಯಾದ ಮೋಟೋಜಿಪಿಯಲ್ಲಿ 2007 ಮತ್ತು 2011ರ ಚಾಂಪಿಯನ್. ರೇಸಿಂಗಿನ ಸುತ್ತಲಿನ ಗದ್ದಲ ತನಗೆ ಹಿಡಿಸುವುದಿಲ್ಲ ಎನ್ನುವುದನ್ನು ಅವರು ಮುಚ್ಚಿಡಲಿಲ್ಲ. 2012ರ ಕೊನೆಯಲ್ಲಿ, ಬರೀ 27ನೇ ವಯಸ್ಸಿಗೆ ಬಿಟ್ಟು ಹೋದರು. ಸ್ವಭಾವದಲ್ಲಿ ಇಷ್ಟು ಬೇರೆಯಾದ ಇಬ್ಬರು ಒಂದೇ ಕೆಲಸದಲ್ಲಿ ತುದಿ ಮುಟ್ಟಿದರು, ಅಲ್ವಾ?

ಜನರನ್ನು 16 ಬಗೆಯಾಗಿ ವಿಂಗಡಿಸುವ ಪರೀಕ್ಷೆಗಳು ನನಗೆ ಒಪ್ಪಿಗೆಯಾಗದಿರುವುದೂ ಇದಕ್ಕೇ. ನಮ್ಮಲ್ಲಿ ಬಹಳ ಜನ ಅತ್ತಲೂ ಅಲ್ಲ, ಇತ್ತಲೂ ಅಲ್ಲ, ನಡುವೆ ಇರುವವರು. ಪ್ಯಾಡಕ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸಿ ಸಿದ್ಧಮಾಡುವ ಜಾಗದಲ್ಲಿ, ಒಬ್ಬರು ಪ್ರತಿ ಸೆಷನ್ ಮುಗಿದ ಕೂಡಲೇ ಟಯರ್ ಪ್ರೆಷರ್ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತಾರೆ. ಇನ್ನೊಬ್ಬರಿಗೆ ಗೆಳೆಯರ ಜೊತೆ ಹರಟುವುದೇ ಅರ್ಧ ಖುಷಿ. ಮತ್ತೊಬ್ಬರಿಗೆ ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿದ ಸಮಯ, ಬಿಟ್ಟರೆ ಬೇರೇನೂ ಬೇಡ. ಎಲ್ಲರಿಗೂ ಅಲ್ಲಿ ಜಾಗ ಇದೆ.

ಜಾಗ ಇಲ್ಲದಿರುವುದು ಒಂದೇ ಬಗೆಗೆ. ತನ್ನನ್ನು ಯಾರೋ ದಾಟಿ ಹೋದರೆ ಅವಮಾನ ಎಂದುಕೊಳ್ಳುವವರಿಗೆ. ಟ್ರ್ಯಾಕ್‌ನಲ್ಲಿ ಎದುರಿನಿಂದ ಗಾಡಿ ಬರುವುದಿಲ್ಲ, ಬಾವುಟ ತೋರಿಸುವ ಮಾರ್ಷಲ್‌ಗಳಿದ್ದಾರೆ, ಆಂಬುಲೆನ್ಸ್ ಕಾದು ನಿಂತಿರುತ್ತದೆ. ಆದರೂ ಬೀಳುವವರು ಬೀಳುತ್ತಾರೆ, ಮೂಳೆ ಮುರಿಯುತ್ತದೆ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಅಂಥ ಜಾಗದಲ್ಲಿ ಹಟಕ್ಕೆ ಬಿದ್ದು ಬೆನ್ನಟ್ಟುವವರು ತಮ್ಮ ಜೊತೆ ಇನ್ನೊಬ್ಬರನ್ನೂ ಕೆಡವುತ್ತಾರೆ. ಈ ವಿಷಯದಲ್ಲಿ ನನಗೆ ಯಾವ ಕನಿಕರವೂ ಇಲ್ಲ. ಆಯೋಜಕರು ಅವರನ್ನು ಕಪ್ಪು ಬಾವುಟ ತೋರಿಸಿ ಹೊರಗೆ ಕರೆದರೆ ನಾನು ಚಪ್ಪಾಳೆ ಹೊಡೆಯುವವರಲ್ಲಿ ಒಬ್ಬ.

"ನಾನು ಅಂಥ ಧೈರ್ಯಸ್ಥ ಅಲ್ಲ, ನನಗೆ ಆಗಲ್ಲ" ಎಂದು ದೂರ ನಿಂತಿರುವವರಿಗಾಗಿಯೇ ಇಷ್ಟು ಬರೆದೆ. ಮೊದಲ ಸಲ ಹೋದಾಗ ಲ್ಯಾಪ್ ಟೈಮರ್ ಹಾಕಿಕೊಳ್ಳಬೇಡಿ. ಹೊಸಬರ ಗುಂಪಿಗೇ ಹೆಸರು ಕೊಡಿ. ತರಬೇತಿ ಕೊಡುವವರ ಹತ್ತಿರ ಹೋಗಿ, "ಇವತ್ತು ನೋಟ ಎಲ್ಲಿಡಬೇಕು ಅನ್ನುವುದಷ್ಟನ್ನೇ ಕಲಿಯಬೇಕು" ಎಂದು ಹೇಳಿ. ಒಳ್ಳೆಯ ತರಬೇತುದಾರರಿಗೆ ಇಂಥ ಶಿಷ್ಯರೆಂದರೆ ಇಷ್ಟ. ನಿಮ್ಮ ಮುಂದೆ ನಿಮ್ಮ ವೇಗದಲ್ಲೇ ಹೋಗಿ ಲೈನ್ ತೋರಿಸುತ್ತಾರೆ.