ಲಾಸ್ಕರ್ ಡಿಫೆನ್ಸ್ ಬರೀ ಡ್ರಾಗಲ್ಲ
ಚೆಸ್‌ನಲ್ಲಿ ಕಪ್ಪು ಕಾಯಿಯವರು ಆಟದ ಆರಂಭದಲ್ಲಿ ಬಳಸುವ ಒಂದು ರಕ್ಷಣಾ ಕ್ರಮ ಲಾಸ್ಕರ್ ಡಿಫೆನ್ಸ್. ಅದನ್ನು ಆಡುವವರು ಡ್ರಾ ಸಾಕು ಅಂತ ಕೂರುತ್ತಾರೆ ಎಂದು ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪಲ್ಲ. 2010ರ ಮೇ 11, ಸೋಫಿಯಾ. ವಿಶ್ವ ಚಾಂಪಿಯನ್‌ಶಿಪ್‌ನ 12ನೇ, ಕೊನೆಯ ಆಟ, ಅಂಕ 5.5–5.5. ಬಲ್ಗೇರಿಯಾದ ಟೊಪಲೋವ್ ತವರಿನಲ್ಲೇ ಬಿಳಿ ಕಾಯಿ ಹಿಡಿದಿದ್ದರು. ವಿಶ್ವನಾಥನ್ ಆನಂದ್ ಈ ಡಿಫೆನ್ಸ್ ಆಡಿ, ಏಳನೇ ನಡೆಯಲ್ಲೇ ಕುದುರೆಯನ್ನು ಇ4 ಮನೆಗೆ ತಂದು ಕಾಯಿಗಳನ್ನು ಬದಲಾಯಿಸಿಕೊಂಡರು. ಎಲ್ಲೂ ಬಿರುಕಿಲ್ಲದ ಆಟ. ಡ್ರಾ ಆಗಿದ್ದರೆ ರ‍್ಯಾಪಿಡ್ ಟೈಬ್ರೇಕ್, ಅಂದರೆ ಕಡಿಮೆ ಸಮಯದ ಆಟಗಳಲ್ಲಿ ವಿಜೇತರ ತೀರ್ಮಾನ, ಅದರಲ್ಲಿ ಆನಂದ್ ಎಷ್ಟು ಗಟ್ಟಿ ಅಂತ ಎಲ್ಲರಿಗೂ ಗೊತ್ತಿತ್ತು ಅಲ್ವಾ? ಅದಕ್ಕೇ ಇರಬೇಕು, ಡ್ರಾ ಬೇಡವೆಂದು ಟೊಪಲೋವ್ 31, 32ನೇ ನಡೆಗಳಲ್ಲಿ ಸತತ ಎರಡು ಪದಾತಿ ಹೊಡೆದರು. ಅಷ್ಟೇ, ಅವರ ರಾಜನ ಮುಂದಿನ ಬಾಗಿಲು ತೆರೆದುಹೋಯಿತು. ಆಮೇಲೆ ಆನಂದ್ ರಾಣಿಯನ್ನು ಸುಮ್ನೆ ಇ8ಕ್ಕೆ ಹಿಂದೆ ಸರಿಸಿದರಲ್ಲ, ಆ ನಡೆ ನೋಡಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಪ್ಪು ಕಾಯಿಯಲ್ಲೇ ಆಟ ಗೆದ್ದು ಆನಂದ್ ಪಟ್ಟ ಉಳಿಸಿಕೊಂಡರು. ಆ ಆಟವನ್ನೊಮ್ಮೆ ಬೋರ್ಡ್ ಮೇಲೆ ಆಡಿ ನೋಡಿ.