ಲಕ್ಷ್ಮಣಫಲ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿಯೇ?

‘ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಯಿರಿ, ಕ್ಯಾನ್ಸರ್‌ಗೆ ಕೊಡುವ ಕೀಮೋಗಿಂತ 10,000 ಪಟ್ಟು ಪರಿಣಾಮಕಾರಿ, ಔಷಧ ಕಂಪನಿಗಳು ಮುಚ್ಚಿಟ್ಟಿವೆ’ ಎಂಬ ಸಂದೇಶ ವರ್ಷಗಳಿಂದ ಓಡಾಡುತ್ತಿದೆ.

ಆ ಅಂಕಿಯನ್ನು ಯಾರೂ ಮುಚ್ಚಿಟ್ಟಿಲ್ಲ, 1996ರಲ್ಲೇ ಪ್ರಕಟವಾಗಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಈ ಹಣ್ಣಿನ ಬೀಜದಿಂದ ಬೇರ್ಪಡಿಸಿದ ಒಂದು ರಾಸಾಯನಿಕವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಅಡ್ರಿಯಾಮೈಸಿನ್ ಎಂಬ ಕೀಮೋ ಔಷಧದ ಜೊತೆ ಹೋಲಿಸಿದ್ದರು. ಅಂದರೆ ಬೀಜದ ಒಂದೇ ಅಂಶ, ಒಂದೇ ಬಗೆಯ ಕೋಶ. ಎಲೆಯ ಕಷಾಯವೂ ಅಲ್ಲ, ರೋಗಿಯೂ ಅಲ್ಲ. ತಟ್ಟೆಯಲ್ಲಿರುವ ಕೋಶವನ್ನು ಬ್ಲೀಚಿಂಗ್ ಪೌಡರ್ ಕೂಡ ಕೊಲ್ಲುತ್ತದೆ! ಔಷಧ ರಕ್ತದಲ್ಲಿ ಸಾಕಷ್ಟು ಸೇರಿ, ಗಡ್ಡೆಯನ್ನು ಮುಟ್ಟಿ, ಹೃದಯ, ನರಗಳನ್ನು ಉಳಿಸಬೇಕು, ಕಷ್ಟವಿರುವುದು ಅಲ್ಲಿ.

ನರದ ಮಾತು ಸುಮ್ಮನೆ ಬಂದದ್ದಲ್ಲ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಚಹಾ ಹೆಚ್ಚು ಬಳಸುವವರಲ್ಲಿ ಪಾರ್ಕಿನ್ಸನ್ (ಕೈಕಾಲು ನಡುಗಿ ಬಿಗಿಯಾಗುವ ನರರೋಗ) ಹೋಲುವ, ಮಾಮೂಲಿ ಮಾತ್ರೆಗೆ ಸರಿಯಾಗಿ ಬಗ್ಗದ ಕಾಯಿಲೆ ಹೆಚ್ಚಿರುವುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು. ಹಣ್ಣಿನಲ್ಲಿರುವ ಅನೊನಾಸಿನ್ ಎಂಬ ರಾಸಾಯನಿಕದ ಮೇಲೆ ಅನುಮಾನವಿದೆ.

ಅಪರೂಪಕ್ಕೆ ಒಂದೆರಡು ತೊಳೆ ತಿಂದರೆ ಗಾಬರಿ ಬೇಡ, ಬೀಜ ಉಗಿಯಿರಿ. ದಿನಾ ಕಷಾಯ ಬೇಡ. ಕೀಮೋ ನಡುವೆ ಲಿವರ್ ಪರೀಕ್ಷೆ ಏರುಪೇರಾದರೆ ಕಾರಣ ಔಷಧವೋ ಕಷಾಯವೋ ತಿಳಿಯದೆ ಮುಂದಿನ ಡೋಸ್ ತಡವಾಗಬಹುದು. ಈಗಾಗಲೇ ಕುಡಿಯುತ್ತಿದ್ದರೆ ಎಷ್ಟು ದಿನದಿಂದ, ಎಷ್ಟು ಲೋಟ ಎಂದು ಡಾಕ್ಟರಿಗೆ ಹೇಳಿ. ಕೀಮೋ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮಧ್ಯರಾತ್ರಿಯಾದರೂ, ನೇರ ಆಸ್ಪತ್ರೆಗೆ ಹೋಗಿ.