ಮೈಲೇಜ್ ಎಷ್ಟು ಕೊಡ್ತದೆ?

ಮಲೆನಾಡಿನ ಮನೆಯಂಗಳದಲ್ಲಿ ಹಳೇ ಬೊಲೆರೊ, ಸುಮೋ, ಕ್ವಾಲಿಸ್ ಯಾವುದೇ ನಿಂತಿರಲಿ, ಬಂದ ನೆಂಟರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಾರೆ: 'ಮೈಲೇಜ್ ಎಷ್ಟು ಕೊಡ್ತದೆ ಮಾರಾಯ್ರೆ?' ಮಾರುವವನು ಹದಿನಾಲ್ಕು ಅನ್ನುತ್ತಾನೆ, ಕೊಳ್ಳುವವನು ಹತ್ತು ಬಂದರೆ ಪುಣ್ಯ ಅನ್ನುತ್ತಾನೆ. ದಿನಾ ಡೀಸೆಲ್ ಹಾಕಿಸುವ ಯಜಮಾನರು ಮಾತು ಮರೆಸಿ ಅಡಿಕೆ ಧಾರಣೆ ವಿಚಾರಿಸುತ್ತಾರೆ. ಬಿಡದಿಯಲ್ಲಿ ಕ್ವಾಲಿಸ್ ತಯಾರಿ ನಿಂತದ್ದು 2005ರಲ್ಲಿ, ಟಾಟಾದವರ ಸುಮೋ ನಿಂತದ್ದು 2019ರಲ್ಲಿ. ಇವತ್ತಿಗೂ ತೀರ್ಥಹಳ್ಳಿ, ಹೊಸನಗರದ ತೋಟದ ದಾರಿಗಳಲ್ಲಿ ಗೊಬ್ಬರದ ಮೂಟೆ ಹೊರುವುದು ಇವೇ. ಇಷ್ಟು ವರ್ಷ ದುಡಿದ ಗಾಡಿಗೆ ಹೊಸದಾಗಿ ಮೈಲೇಜ್ ತಂದು ಸೇರಿಸಲು ಬರುವುದಿಲ್ಲ. ಇದ್ದ ಮೈಲೇಜನ್ನು ಯಾರು ಕದಿಯುತ್ತಿದ್ದಾರೆಂದು ಹುಡುಕಬಹುದು, ಅಷ್ಟೆ.

ಮೊದಲು ಲೆಕ್ಕ ಸರಿಯಿರಬೇಕು. ಟ್ಯಾಂಕ್ ತುಂಬಿಸಿ, ನಾಜಲ್ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ, ನಾನೂರು ಕಿಲೋಮೀಟರಾದರೂ ಓಡಿಸಿ, ಅದೇ ಬಂಕಿನಲ್ಲಿ ಅದೇ ರೀತಿ ಮತ್ತೆ ತುಂಬಿಸಬೇಕು. ಓಡಿದ ದೂರವನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಬಂದದ್ದೇ ಮೈಲೇಜ್. ಇನ್ನೂರು ರೂಪಾಯಿ ಡೀಸೆಲ್ ಹಾಕಿಸಿ ಮುಳ್ಳು ನೋಡಿ ಹೇಳುವ ಲೆಕ್ಕ ಕಟ್ಟೆಪಂಚಾಯಿತಿಗೆ ಸಾಕು. ಇನ್ನೊಂದು ಮೋಸ ಟಯರಿನದ್ದು. 215/75 ಆರ್15 ಇದ್ದ ಗಾಡಿಗೆ ಗತ್ತಿಗೆಂದು 235/75 ಹಾಕಿಸಿದರೆ ಚಕ್ರದ ವ್ಯಾಸ 703 ಮಿ.ಮೀ.ನಿಂದ 733ಕ್ಕೆ ಏರುತ್ತದೆ. ಗಾಡಿ 104 ಕಿ.ಮೀ. ಓಡಿದಾಗ ಮೀಟರು ನೂರೇ ತೋರಿಸುತ್ತದೆ. ಹನ್ನೊಂದು ಎಂದು ಕಂಡದ್ದು ನಿಜಕ್ಕೆ ಹನ್ನೊಂದೂವರೆ; ಮೆಕ್ಯಾನಿಕ್ಕನ್ನು ಬೈಯುವ ಮೊದಲು ಟಯರಿನ ಮೇಲಿನ ಅಕ್ಷರ ಓದಬೇಕು. ಗಾಳಿಯನ್ನು ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಂತೆ ನೋಡಬೇಕು. ಚಳಿಗೆ ಹವೆ 10 ಡಿಗ್ರಿ ಇಳಿದರೆ ಟಯರಿನಲ್ಲಿ ಒಂದೆರಡು ಪಿಎಸ್‌ಐ ತಾನಾಗಿ ಇಳಿದಿರುತ್ತದೆ.

ಇನ್ನು ನಿಜವಾದ ಕಳ್ಳ. ಎಂದೋ ಒಮ್ಮೆ ಘಾಟಿಯಲ್ಲಿ ಎಂಜಿನ್ ಕಾದಿರುತ್ತದೆ. ಎಂಜಿನ್ ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನೇ ಮೆಕ್ಯಾನಿಕ್ ಕಿತ್ತು ಎಸೆದು 'ಇನ್ನು ಹೀಟ್ ಆಗಲ್ಲ ಸಾರ್' ಅಂದಿರುತ್ತಾನೆ. ಮಾತು ಸುಳ್ಳಲ್ಲ. ಆಮೇಲೆ ಆ ಎಂಜಿನ್ ಬೆಚ್ಚಗೂ ಆಗುವುದಿಲ್ಲ! ಡಿಸೆಂಬರಿನ ಬೆಳಿಗ್ಗೆ ಸಾಗರದಿಂದ ಹೊರಟು ಹತ್ತು ಕಿಲೋಮೀಟರ್ ಕಳೆದರೂ ಹೀಟ್ ಮುಳ್ಳು ತಳ ಬಿಟ್ಟು ಏಳದಿದ್ದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದೇ ಕೂತಿದೆ ಎಂದರ್ಥ. ತಣ್ಣಗಿನ ಎಂಜಿನ್ನಿನಲ್ಲಿ ಆಯಿಲ್ ಮಂದ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಹೊಸ ವಾಲ್ವ್ ತಂದರೆ ಹಾಕುವ ಮುಂಚೆ ಪರೀಕ್ಷೆ ಮಾಡುವುದು ಒಳ್ಳೆಯದು. ದಾರ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ಅಡುಗೆಮನೆಯವರ ಅಪ್ಪಣೆ ಪಡೆದು ಹಳೇ ಪಾತ್ರೆಯನ್ನೇ ತೆಗೆದುಕೊಳ್ಳುವುದು ಕ್ಷೇಮ. ವಾಲ್ವಿನ ಮೇಲೆ 82 ಎಂದು ಕೊರೆದಿದ್ದರೆ ನೀರು ಆ ಡಿಗ್ರಿಯ ಆಸುಪಾಸಿಗೆ ಬಂದಾಗ ಬಾಯಿ ಬಿಡಲು ಶುರುಮಾಡಿ, ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿರಬೇಕು. ತೆಗೆದು ಹೊರಗಿಟ್ಟರೆ ಮುಚ್ಚಬೇಕು. ಕೂರಿಸುವಾಗ ಅದರ ಪುಟ್ಟ ಗಾಳಿತೂತು ಮೇಲಕ್ಕಿರಲಿ; ಕೆಳಗಾದರೆ ಒಳಗೆ ಗಾಳಿ ನಿಂತು, ಯಾವ ಭಯಕ್ಕೆ ವಾಲ್ವ್ ಕಿತ್ತಿದ್ದರೋ ಅದೇ ಆಗುತ್ತದೆ. ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆಯಬೇಕು. ಕೂಲಂಟಿಗೆ ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಬೇಕು. ಮನೆ ಬಾವಿಯ ನೀರು ಎಷ್ಟೇ ಸಿಹಿಯಾಗಿರಲಿ, ಅದು ಕುಡಿಯುವುದಕ್ಕೆ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ಮುಟ್ಟಲೇಬಾರದು.

ಎರಡನೇ ಕಳ್ಳ ಬ್ರೇಕು. ಮಳೆಗಾಲದ ಕೆಸರುನೀರು ಡಿಸ್ಕಿಗೆ ಪ್ಯಾಡು ಒತ್ತುವ ಕ್ಯಾಲಿಪರಿನ ಹರಿದ ರಬ್ಬರಿನೊಳಗೆ ನುಗ್ಗಿ, ಅದು ಜಾರಬೇಕಾದ ಸ್ಲೈಡ್ ಪಿನ್ನಿಗೆ ತುಕ್ಕು ಹಿಡಿಸುತ್ತದೆ. ಆಮೇಲೆ ಕಾಲು ತೆಗೆದರೂ ಪ್ಯಾಡು ಡಿಸ್ಕನ್ನು ಬಿಡುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿದರೆ, ಮುಟ್ಟುವುದು ಬೇಡ, ತಪ್ಪಿತಸ್ಥ ಯಾರೆಂದು ಗೊತ್ತಾಗುತ್ತದೆ. ಆ ಚಕ್ರವನ್ನು ಜ್ಯಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿ. ಒಬ್ಬರಿಂದ ಬ್ರೇಕ್ ತುಳಿಸಿ, ಬಿಡಿಸಿ, ಮತ್ತೆ ತಿರುಗಿಸಿ. ಬಿಗಿಯಾಗಿಯೇ ಉಳಿದರೆ ಪಿನ್ ಬಿಚ್ಚಿ, ಎಮರಿ ಕಾಗದದಲ್ಲಿ ಉಜ್ಜಿ, ಸಿಲಿಕೋನ್ ಬ್ರೇಕ್ ಗ್ರೀಸ್ ಹಚ್ಚಬೇಕು. ಚಾಸಿಗೆ ಹೊಡೆಯುವ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ಮೇಲೆ ಅನುಮಾನವಿರಲಿ. ಗಾಡಿಯಡಿ ಕೈ ಹಾಕುವ ಮೊದಲು ಕಬ್ಬಿಣದ ಸ್ಟ್ಯಾಂಡ್ ಕೊಡಿ. ಅಂಗಳದಲ್ಲಿ ಬಿದ್ದಿರುವ ಜಂಬಿಟ್ಟಿಗೆ ಕಲ್ಲು ಗೋಡೆಗೆ ಸರಿ. ಚಾಸಿಯಡಿ ಇಟ್ಟರೆ ಯಾವಾಗ ಒಡೆಯುತ್ತದೆಂದು ಹೇಳಿಬರುವುದಿಲ್ಲ.

ಆಗುಂಬೆಯ ಹದಿನಾಲ್ಕು ತಿರುವನ್ನು ನ್ಯೂಟ್ರಲ್‌ನಲ್ಲಿ ಇಳಿದು ಡೀಸೆಲ್ ಉಳಿಸುವ ಶೂರರು ಇನ್ನೂ ಇದ್ದಾರೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಪಂಪಿನಲ್ಲಿ ಡೀಸೆಲ್ ಅಳೆದು ಬಿಡುವ ಗವರ್ನರ್ ಡೀಸೆಲ್ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದಿರೋ, ಎಂಜಿನ್ ಆರದಿರಲೆಂದು ಪಂಪು ಮತ್ತೆ ಡೀಸೆಲ್ ಕೊಡತೊಡಗುತ್ತದೆ. ಉಳಿತಾಯವಂತೂ ಇಲ್ಲ, ಮೇಲಿಂದ ಕಾದ ಬ್ರೇಕು. ಹತ್ತಿದ ಗೇರಿನಲ್ಲೇ ಇಳಿಯುವುದು ಹಿಂದಿನ ಡ್ರೈವರುಗಳ ಪಾಠ.

ನಮ್ಮ ಸೀಮೆಯಲ್ಲಿ ಎಲ್ಲಕ್ಕೂ ನೀರು ನುಗ್ಗುತ್ತದೆ. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಬಿಟ್ಟರೆ ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುವುದು ಬರಿಗಣ್ಣಿಗೆ ಕಾಣುತ್ತದೆ. ಬರೀ ಡೀಸೆಲ್ ಬಂದಮೇಲೆ ಸ್ಕ್ರೂ ಬಿಗಿದು ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಬೇಕು, ಇಲ್ಲದಿದ್ದರೆ ಏರ್ ಹಿಡಿದು ಸ್ಟಾರ್ಟ್ ಆಗದು. ಹಳ್ಳ ದಾಟುವ ಗಾಡಿಯಾದರೆ ಹಿಂದಿನ ಚಕ್ರಗಳ ನಡುವಿನ ಗೇರುಗಳ ಗುಂಡು, ಅಂದರೆ ಡಿಫರೆನ್ಷಿಯಲ್ಲನ್ನೂ ನೋಡಬೇಕು. ಓಡಿ ಕಾದ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲೆ ಗಾಳಿಯಾಡುವ ಬ್ರೀದರ್ ಕೆಸರಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರೇ ಒಳಕ್ಕೆ ಸೆಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲೇಬೇಕು. ಬದಲಿಸುವಾಗ ತುಂಬುವ ಪ್ಲಗ್ಗನ್ನೇ ಮೊದಲು ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಎಲ್ಲ ಬಸಿದಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದೇ ಇದ್ದರೆ, ಆ ಗಾಡಿ ಇದ್ದಲ್ಲೇ ಮಳೆಗಾಲ ಕಳೆಯಬೇಕಾದೀತು.

ತುಕ್ಕಿಗೆಂದು ಸುಟ್ಟ ಆಯಿಲನ್ನು ತಳಕ್ಕೆಲ್ಲ ಬಳಿಯುವುದುಂಟು. ರಬ್ಬರ್ ಬುಷ್‌ಗಳಿಗೂ ಬ್ರೇಕಿಗೂ ತಾಗಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಬಾಗಿಲ ತಳದ ನೀರು ಹೋಗುವ ತೂತುಗಳನ್ನು ಒಂದು ಹಿಡಿಕಡ್ಡಿಯಿಂದ ಬಿಡಿಸಿದರೆ ಅರ್ಧ ತುಕ್ಕು ಅಲ್ಲೇ ತಪ್ಪಿತು. ಮೈಲೇಜ್ ಹೆಚ್ಚುತ್ತದೆಂದು ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತಕ್ಕೆ ಹಾಕುವ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೇದ ಹಾಗೆ. ಅದರ ಬದಲು ಖಾಲಿ ಇರುವಾಗಲೂ ತಲೆಯ ಮೇಲಿರುವ ಕ್ಯಾರಿಯರನ್ನು ಬಿಚ್ಚಿ ಕೊಟ್ಟಿಗೆಯಲ್ಲಿಡಿ.

ಏರ್ ಫಿಲ್ಟರ್ ಹೊಸದಿದ್ದೂ ಕಪ್ಪು ಹೊಗೆ ಬಂದರೆ ಡೀಸೆಲ್ ಪಂಪು, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನೊಜಲ್ ಕಡೆ ಕಣ್ಣು ಹೋಗಬೇಕು. ಅದು ಮನೆ ಕೆಲಸವಲ್ಲ. ನೊಜಲ್ ಉಗುಳುವ ಡೀಸೆಲ್ ಚರ್ಮ ತೂರಿ ಒಳಹೋಗುವಷ್ಟು ರಭಸದ್ದು, ಕೈಯೊಡ್ಡಿ ನೋಡುವ ವಸ್ತುವಲ್ಲ. ಶಿವಮೊಗ್ಗದಲ್ಲಿ ಪಂಪ್ ಕೆಲಸ ಬಲ್ಲವರಲ್ಲಿ ಪರೀಕ್ಷೆಯ ಬೆಂಚಿಗೆ ಹಾಕಿಸಿ ಪ್ರೆಶರ್ ನೋಡಿಸಿ. ವಾಪಸ್ ಕೂರಿಸುವಾಗ ಹುಡುಗ ಹಳೇ ತಾಮ್ರದ ವಾಷರನ್ನೇ ಒರೆಸಿ ಹಾಕಲು ಹೊರಟರೆ ಅಲ್ಲೇ ತಡೆದು, ಹೊಸದನ್ನು ತರಿಸಿಯೇ ಹಾಕಿಸಿ.